ಕಾಲೇಜು ಪೈಲ್ವಾನ್ರಿಗೆ ಒಂದು ಮ್ಯಾಟ್ ಹಾಕ್ಸಿ ಕೊಡ್ರಿ

ಸಂಪಾದಕರಿಗೆ ನಮಸ್ಕಾರ,

ಅಂತರ ಕಾಲೇಜು ಕುಸ್ತಿ ರಿಸಲ್ಟ್ ಪೇಪರ್‌ನ್ಯಾಗ ಬರೋದೇ ಎರಡು ಸಾಲು, ಗೆದ್ದವ್ರ ಹೆಸ್ರು, ತೂಕ, ಕಾಲೇಜು, ಮುಗೀತು. ಡಿಗ್ರಿ ಆದ ಮ್ಯಾಲೆ ಆ ಹುಡುಗ್ರು ಏನಾದ್ರು ಅಂತ ಯಾರೂ ಕೇಳಂಗಿಲ್ಲ, ಅದಕ್ಕ ಈ ಪತ್ರ.

ನಮ್ಮಣ್ಣನ ಮಗ ಬಿಎ ಓದ್ತಾನ, ಜಾತ್ರಿ ಕುಸ್ತಿಯಾಗ ಬೆಳ್ಳಿ ಕಡಗ ಗೆದ್ದಾನ. ಹೋದ ವರ್ಷ ಕಾಲೇಜು ಪರವಾಗಿ ಆಡಾಕ ಹೋದಾಗ ನಾನೂ ಜೊತಿಗೆ ಹೋಗಿದ್ದೆ. ಯಾರದೋ ಶೂ ಇಸ್ಕೊಂಡು ಹಾಕ್ಕೊಂಡಿದ್ದ, ಅವು ಸಡ್ಲ. ಮಣ್ಣಿನ ಅಖಾಡದಾಗ ಹಿಂದ ಸರ್ದು ಸರ್ದು ಎದುರಿನವನ್ನ ದಣಿಸಿ ಆಮ್ಯಾಲೆ ಚಿತ್ ಮಾಡೋದು ಇವನ ರೂಢಿ, ಒಬ್ಬನ ಬೆನ್ನು ನೆಲಕ್ಕ ಹತ್ತೋ ತನಕ ನಡೆಯೋ ನಿಕಾಲಿ ಕುಸ್ತಿಗೆ ಟೈಮ್ ಎಲ್ಲಿರ್ತೈತಿ ಹೇಳ್ರಿ. ಮ್ಯಾಟ್ ಮ್ಯಾಲೆ ಹಂಗಲ್ಲ, ಮೂರು ಮೂರು ನಿಮಿಷದ ಎರಡೇ ರೌಂಡು, ಗೆರಿ ದಾಟಿ ಕಾಲಿಟ್ರ ಎದುರಿನವನಿಗೆ ಒಂದು ಪಾಯಿಂಟ್, ಫ್ರೀಸ್ಟೈಲ್‌ನ್ಯಾಗ 10 ಪಾಯಿಂಟ್ ಅಂತರ ಆತಂದ್ರ ಕುಸ್ತಿ ಅಲ್ಲೇ ಬಂದ್. ಇವ ಹಿಂದ ಸರೀತಾನ, ರೆಫ್ರಿ ಸೀಟಿ ಊದ್ತಾನ, ಇವ ಯಾಕಂತ ನಮ್ ಮಾರಿ ನೋಡ್ತಾನ. ಬೆನ್ನು ನೆಲಕ್ಕ ಹತ್ತಲಾರದ ಸೋತ! ರೂಲ್ಸ್ ಹೇಳ್ಕೊಡೋರು ಒಬ್ರೂ ಇದ್ದಿಲ್ಲ, ಕಾಲೇಜಿನವ್ರು ಸ್ಪೋರ್ಟ್ಸ್ ಫೀ ಮಾತ್ರ ವರ್ಷಾ ವರ್ಷಾ ಬಿಡದಂಗ ತಗೊಂತಾರ.

ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಖಾಶಾಬಾ ಜಾಧವ್ 1948ರಾಗ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವ್ರಿಗೂ ಮ್ಯಾಟ್ ರೂಢಿ ಇದ್ದಿಲ್ಲ, ಮಣ್ಣಿನ್ಯಾಗ ಬೆಳೆದೋರು, ಆದ್ರೂ ಆರನೇ ಸ್ಥಾನ. 1952ರಾಗ ಹೆಲ್ಸಿಂಕಿಗೆ ಹೋಗಾಕ ರೊಕ್ಕ ಇಲ್ಲಂದಾಗ ಅವ್ರು ಓದಿದ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನಿ ಅಡ ಇಟ್ಟು 7000 ರೂಪಾಯಿ ಕೊಟ್ರು. ಜಾಧವ್ ಕಂಚು ತಂದ್ರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಮೆಡಲ್ ಅದು, ಅಂಥಾದ್ದು ಇನ್ನೊಂದು ಬರಾಕ 1996ರ ತನಕ ಕಾಯ್ಬೇಕಾತು. ಆಮ್ಯಾಲೆ ಪೊಲೀಸ್ ನೌಕರಿ ಮಾಡಿದ್ರು, 1984ರಾಗ ಆಕ್ಸಿಡೆಂಟ್‌ನ್ಯಾಗ ತೀರ್ಕೊಂಡ್ರು, ಅರ್ಜುನ ಪ್ರಶಸ್ತಿ ಕೊಟ್ಟಿದ್ದು ಅವ್ರು ಹೋಗಿ ಎಷ್ಟೋ ವರ್ಷದ ಮ್ಯಾಲೆ. ನಮ್ ಪ್ರಿನ್ಸಿಪಾಲ್ರು ಮನಿ ಅಡ ಇಡ್ರಿ ಅಂತ ನಾ ಕೇಳಾಕತ್ತಿಲ್ಲ ಮತ್ತ.

ಅಮೆರಿಕಾದಾಗ ಕಾಲೇಜು ಕುಸ್ತಿಗೆ ಇರೋ ಮರ್ಯಾದಿನೇ ಬ್ಯಾರೆ. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಕೇಲ್ ಸ್ಯಾಂಡರ್ಸನ್ ಅನ್ನಾವ 159 ಕುಸ್ತಿ ಆಡಿ ಒಂದ್ರಾಗೂ ಸೋಲ್ಲಿಲ್ಲ, 1999ರಿಂದ 2002ರ ತನಕ ನಾಲ್ಕೂ ವರ್ಷ ನ್ಯಾಷನಲ್ ಚಾಂಪಿಯನ್, 2004ಕ್ಕ ಅಥೆನ್ಸ್‌ನ್ಯಾಗ ಬಂಗಾರ, ಆಮ್ಯಾಲೆ 2009ಕ್ಕ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಕೋಚ್ ಆದ. ನಮ್ ಗಂಗಾವತಿ ಕಡೆ ಡಿಗ್ರಿ ಮುಗ್ಸಿದ ಪೈಲ್ವಾನ ರೈಸ್ ಮಿಲ್ಲಿನ್ಯಾಗ ಚೀಲದ ಲೆಕ್ಕ ಬರ್ಕೊಂತ ಕುಂತಿರ್ತಾನ, ಅವನ ಕಲಿಕಿ ಅವನ ಜೊತಿಗೇ ಹೋತು.

ತೋರಣಗಲ್ಲಿನ ಹತ್ರ ವಿಜಯನಗರದಾಗ ಇನ್ಸ್ಪೈರ್ ಇನ್ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನೋ ಆಟಗಾರರ ತರಬೇತಿ ಕೇಂದ್ರ ಐತಿ, ಕುಸ್ತಿ ಅಲ್ಲಿ ಮುಖ್ಯ ಆಟದಾಗ ಒಂದು, ದೂರನೂ ಅಲ್ಲ. ಬಳ್ಳಾರಿ, ಕೊಪ್ಪಳದ ಕಾಲೇಜಿನವ್ರು ಕೂಡಿ ಅಲ್ಲಿಯೋರ್ನ ಕೇಳಿ ವರ್ಷಕ್ಕ ಒಂದು ಕ್ಯಾಂಪ್ ಮಾಡ್ಸಾಕ ಏನ್ ತೊಂದ್ರಿ? ಕಾಲೇಜಿಗೊಂದು ಬ್ಯಾಡ, ತಾಲೂಕಿಗೆ ಒಂದು ಮ್ಯಾಟ್ ಹಾಕ್ರಿ, ಹಳೇ ಕಾಲೇಜು ಪೈಲ್ವಾನ್ರನ್ನೇ ಸಂಜಿ ಹೊತ್ತು ಹೇಳ್ಕೊಡಾಕ ಕರೀರಿ, ಅವ್ರಿಗೂ ನಾಕು ಕಾಸು ಸಿಗ್ಲಿ. ಮುಂದಿನ ಅಂತರ ಕಾಲೇಜು ಟೂರ್ನಮೆಂಟ್‌ ಬರೋದ್ರೊಳಗ ಇಷ್ಟಾದ್ರ ಸಾಕು.

ಒಬ್ಬ ಓದುಗ, ಗಂಗಾವತಿ