ಐ7 ಸರಿ, ಮುಂದಿನ ಅಂಕಿ ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಪಿಯುಸಿ ಫಲಿತಾಂಶದ ಹೊತ್ತಿಗೆ ದಾವಣಗೆರೆಯಲ್ಲಿ ಬೆಳಗಿನ ಪತ್ರಿಕೆ ಬಿಚ್ಚಿದರೆ ಒಳಗಿಂದ ಕರಪತ್ರಗಳು ಉದುರುತ್ತವೆ. ಟ್ಯೂಷನ್ನಿನದು, ಸೀರೆ ರಿಯಾಯಿತಿಯದು, ಈಚೆಗೆ ಅವುಗಳ ಜೊತೆ ಇನ್ನೊಂದು: ‘ಗೇಮಿಂಗ್ ಪಿಸಿ. ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 2 ಜಿಬಿ ಗ್ರಾಫಿಕ್ಸ್ ಕಾರ್ಡ್, ಆರ್‌ಜಿಬಿ ಕ್ಯಾಬಿನೆಟ್.’ ಬೆಲೆ ನೋಡಿದರೆ ಕಂಪ್ಯೂಟರ್ ಸಾಮಾನಿನ ಪೇಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಯೇ ದುಬಾರಿ ಎನಿಸಬೇಕು. ಅದರಲ್ಲಿ ಬರೆದ ಒಂದೊಂದು ಮಾತೂ ನಿಜವೇ ಇರುತ್ತದೆ. ಏಟು ಬೀಳುವುದು ಬರೆಯದೆ ಬಿಟ್ಟ ಕಡೆ.

ಕಂಪ್ಯೂಟರಿನ ಮಿದುಳೇ ಪ್ರೊಸೆಸರ್. ಇಂಟೆಲ್ ಕಂಪನಿಯ ಪ್ರೊಸೆಸರುಗಳಲ್ಲಿ ಐ7 ಎನ್ನುವುದು ಮನೆತನದ ಹೆಸರು. ಆ ಮನೆಯ ಯಾವ ಕೂಸು ಎಂದು ಹೇಳುವುದು ಮುಂದಿನ ಅಂಕಿ. ನಾಲ್ಕಂಕಿ ಇದ್ದರೆ ಮೊದಲನೆಯದು, ಐದಂಕಿ ಇದ್ದರೆ ಮೊದಲೆರಡು ಅದರ ತಲೆಮಾರು. ಕರಪತ್ರದ ಐ7 ಬಹುತೇಕ 2600, 3770 ಅಥವಾ 4770 ಆಗಿರುತ್ತದೆ. ಕ್ರಮವಾಗಿ 2011, 2012, 2013ರ ಸರಕು. ಕಚೇರಿಗಳು ಹೊರಗೆ ಹಾಕಿದ ಯಂತ್ರಗಳಿಂದ ಕಳಚಿ, ಒರೆಸಿ, ಎಚ್61 ಅಥವಾ ಎಚ್81 ಚಿಪ್‌ಸೆಟ್ಟಿನ ಅಗ್ಗದ ಮದರ್‌ಬೋರ್ಡಿಗೆ ಕೂರಿಸಿರುತ್ತಾರೆ. ರ‍್ಯಾಮ್ 16 ಜಿಬಿಯೇ, ಆದರೆ ಡಿಡಿಆರ್3 ಎಂಬ ಹಳೆಯ ಬಗೆಯದು. ಐ7-2600ಕ್ಕೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು). 2022ರಲ್ಲಿ ಬಂದ ಐ3-12100ಎಫ್‌ಗೂ ಅಷ್ಟೇ. ಲೆಕ್ಕ ಒಂದೇ ಆದರೂ ನಡುವೆ ಹನ್ನೊಂದು ವರ್ಷ ಇದೆ. ಗೇಮಿನಲ್ಲಿ ಆ ‘ಐ3’ ಈ ‘ಐ7’ಅನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ನಿಧಾನ ಎಂಬುದೊಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. 2600 ಮತ್ತು 3770ರಲ್ಲಿ ಎವಿಎಕ್ಸ್2 ಎಂಬ ಸೂಚನೆಗಳ ಗುಂಪೇ ಇಲ್ಲ; ಅದನ್ನು ಬೇಡುವ ಹೊಸ ಗೇಮ್‌ಗಳು ತೆರೆಯುವಾಗಲೇ ಮುಚ್ಚಿಕೊಳ್ಳುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದರ ಮೇಲಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಕೊಡುವವರಿದ್ದಾರೆ. ಅದರಲ್ಲಿ ವ್ಯಾಲೊರಂಟ್ ತೆರೆದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಯಂತ್ರ ಶುರುವಾಗುವಾಗಿನ ಭದ್ರತಾ ತಪಾಸಣೆ) ಕೇಳಿ ಅಲ್ಲಿಗೇ ನಿಲ್ಲುತ್ತದೆ. ಹುಡುಗ ಪಿಸಿ ಕೇಳಿದ್ದೇ ಆ ಗೇಮಿಗಾಗಿ.

ಇನ್ನು ‘2 ಜಿಬಿ ಗ್ರಾಫಿಕ್ಸ್’. ಅಂಗಡಿಯ ಮುಂದೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಅಣ್ಣಾ, ಕಾರ್ಡ್ ಯಾವ್ದು?’

‘ಎನ್ವಿಡಿಯಾ ಕಣಪ್ಪಾ, ಟೂ ಜಿಬಿ.’

‘ಮಾಡೆಲ್?’

‘ಎಲ್ಲಾ ಗೇಮೂ ಓಡ್ತದೆ, ತಗಾ.’

ಮಾಡೆಲ್ ಸಾಮಾನ್ಯವಾಗಿ ಜಿಟಿ 610, 710 ಅಥವಾ 730. ಮಾನಿಟರಿಗೆ ಚಿತ್ರ ಕಳಿಸಲಿಕ್ಕೆಂದು ಮಾಡಿದ ಕಾರ್ಡುಗಳು ಇವು. ಜಿಟಿ 730ರ ಸಾಲಿಗೆ ಹೊಸ ಗೇಮ್‌ಗಳ ಡ್ರೈವರ್ 2021ಕ್ಕೇ ನಿಂತುಹೋಗಿದೆ. ಕಾರ್ಡಿನ ಶಕ್ತಿಯನ್ನು ಜಿಬಿಯಲ್ಲಿ ಅಳೆಯುವುದು ಲಾರಿಯ ಎಂಜಿನ್ನನ್ನು ಡೀಸೆಲ್ ಟ್ಯಾಂಕ್ ನೋಡಿ ಅಳೆದಂತೆ. ಇನ್ನೊಂದು ವೇಷ ಎಎಂಡಿ ಕಂಪನಿಯ ‘ಆರ್‌ಎಕ್ಸ್ 580 8 ಜಿಬಿ’. ಅಸಲಿ 580ಯಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ (ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕಗಳು) ಇರುತ್ತವೆ. ‘2048ಎಸ್‌ಪಿ’ ಎಂದಿದ್ದರೆ ಅದು ಒಳಗೆ ಒಂದು ಮೆಟ್ಟಿಲು ಕೆಳಗಿನ 570ರ ಲೆಕ್ಕದ್ದು. ಕ್ರಿಪ್ಟೋ ಮೈನಿಂಗ್‌ನಲ್ಲಿ ಹಗಲೂ ರಾತ್ರಿ ದುಡಿದು ಬಂದ ಕಾರ್ಡುಗಳೂ ಇದರಲ್ಲಿ ಸೇರಿರುತ್ತವೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆಸಿ ನೋಡಿ. ಒಳಗಿನ ಮೂಲ ತಂತ್ರಾಂಶವಾದ ಬಯೋಸ್ ತಿದ್ದಿ ಹೆಸರು ಬದಲಿಸಿದ ಎಷ್ಟೋ ಎನ್ವಿಡಿಯಾ ಕಾರ್ಡುಗಳಿಗೆ ಅದು ಹೆಸರಿನ ಮುಂದೆ ‘ಫೇಕ್’ ಎಂದೇ ತೋರಿಸುತ್ತದೆ. ಪ್ರೊಸೆಸರ್ ನೋಡಲು ತಂತ್ರಾಂಶವೂ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ‘ಪರ್ಫಾರ್ಮೆನ್ಸ್’ಗೆ ಹೋದರೆ ಪೂರ್ತಿ ಹೆಸರು ಅಲ್ಲೇ ಇರುತ್ತದೆ.

ಹಾಗಾದರೆ ಕೈಯಲ್ಲಿರುವ ದುಡ್ಡನ್ನು ಹೇಗೆ ಹಂಚಬೇಕು? ಮಾನಿಟರ್ ಬಿಟ್ಟು 50 ಸಾವಿರ ಇದೆ ಎನ್ನಿ. 18ರಿಂದ 20 ಸಾವಿರ ಗ್ರಾಫಿಕ್ಸ್ ಕಾರ್ಡಿಗೇ ಹೋಗಲಿ. ಆರ್‌ಎಕ್ಸ್ 6600 ಈ ಮಟ್ಟದಲ್ಲಿ ಒಪ್ಪುವ ಕಾರ್ಡ್: 8 ಜಿಬಿ, 132 ವ್ಯಾಟ್, 1080ಪಿ (ಫುಲ್ ಎಚ್‌ಡಿ) ಪರದೆಗೆ ಧಾರಾಳ. ಆರ್‌ಟಿಎಕ್ಸ್ 3050 ತೆಗೆದುಕೊಳ್ಳುವವರು 6 ಜಿಬಿಯದೋ 8 ಜಿಬಿಯದೋ ಕೇಳಿ. ಹೆಸರು ಒಂದೇ, ಆದರೆ 6 ಜಿಬಿಯದರಲ್ಲಿ ಕೋರುಗಳೂ ಕಡಿಮೆ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅದು ಬೋರ್ಡಿನ ಜೊತೆ ಮಾತಾಡುವುದು ಲೇನ್ ಎಂಬ ನಾಲ್ಕೇ ದಾರಿಗಳಲ್ಲಿ, ಹಳೆಯ, ನಿಧಾನದ ಪಿಸಿಐಇ 3.0 ಸಂಪರ್ಕ ಇರುವ ಬಿ450 ಬೋರ್ಡಿಗೆ ಹಾಕಿದರೆ, ಕಾರ್ಡಿನ 4 ಜಿಬಿ ತುಂಬಿದ ಕೂಡಲೇ ಗೇಮ್ ತಡವರಿಸುತ್ತದೆ.

ಪ್ರೊಸೆಸರ್ ಎಎಂಡಿಯ ರೈಜನ್ 5 5600 ಅಥವಾ ಇಂಟೆಲ್‌ನ ಐ5-12400ಎಫ್ ಆದರೆ ಆರು ಕೋರ್, ಹನ್ನೆರಡು ಥ್ರೆಡ್. ಅಷ್ಟಿಲ್ಲದಿದ್ದರೆ ಐ3-12100ಎಫ್. ಹೆಸರಿನ ಕೊನೆಯ ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5600ದಲ್ಲೂ ಇಲ್ಲ. ಕಾರ್ಡ್ ಆಮೇಲೆ ಕೊಳ್ಳೋಣ ಎಂದು ಇವನ್ನು ತಂದರೆ ಪರದೆ ಕಪ್ಪಗೇ ಉಳಿಯುತ್ತದೆ. ಕಾರ್ಡನ್ನು ಮುಂದಿನ ವರ್ಷಕ್ಕೆ ಬಿಡುವವರಿಗೆ 5600ಜಿ ಇದೆ. ಅದರ ಒಳಗಿನ ವೇಗಾ ಗ್ರಾಫಿಕ್ಸ್‌ನಲ್ಲಿ ವ್ಯಾಲೊರಂಟ್, ಜಿಟಿಎ 5 ಸೆಟಿಂಗ್ ತಗ್ಗಿಸಿದರೆ ನಡೆಯುತ್ತವೆ. ಕಾರ್ಡ್ ಬಂದ ಮೇಲೆ ಮಾತ್ರ ಅದು 5600ಕ್ಕಿಂತ ತುಸು ಹಿಂದೆ ಬೀಳುತ್ತದೆ. ಪ್ರೊಸೆಸರಿನೊಳಗಿನ ವೇಗದ ನೆನಪಾದ ಎಲ್3 ಕ್ಯಾಶ್ ಅರ್ಧ, 32ರ ಬದಲು 16 ಎಂಬಿ.

ರ‍್ಯಾಮ್ ಬೆಲೆ 2025ರ ಕೊನೆಯ ತಿಂಗಳುಗಳಿಂದ ಏರಿ ಕೂತಿದೆ, ಹಾಗಾಗಿ ಒಂದೇ 16 ಜಿಬಿ ಕಡ್ಡಿ ಕೊಟ್ಟು ಸಾಗಹಾಕುವುದೂ ಹೆಚ್ಚಿದೆ. ಜೋಡಿಯಾಗಿ ದುಡಿಯಲು 8 ಜಿಬಿಯ ಎರಡು ಕಡ್ಡಿ ಬೇಕು. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗಕ್ಕೆ ಏರಿಸುವ ಸೆಟಿಂಗ್) ಆನ್ ಮಾಡದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರಲ್ಲಿ ತೆವಳುತ್ತದೆ; ವರ್ಷಗಟ್ಟಲೆ ಹಾಗೇ ಓಡುವ ಯಂತ್ರಗಳು ಊರಲ್ಲಿ ಬೇಕಾದಷ್ಟಿವೆ. 12ನೇ ತಲೆಮಾರಿನ ಇಂಟೆಲ್ ಬೋರ್ಡ್ ಡಿಡಿಆರ್4ದೋ ಡಿಡಿಆರ್5ದೋ ಕೇಳಿಯೇ ಕೊಳ್ಳಿ, ಒಂದರ ಕಡ್ಡಿ ಇನ್ನೊಂದಕ್ಕೆ ಕೂರದು. ಹಳೆಯ ದಾಸ್ತಾನಿನ ಬಿ450 ಬೋರ್ಡ್ ಬಯೋಸ್ ನವೀಕರಿಸದೆ 5600ಅನ್ನು ಗುರುತಿಸುವುದಿಲ್ಲ. ಡಬ್ಬಿಯ ಮೇಲೆ ‘ರೈಜನ್ 5000 ರೆಡಿ’ ಚೀಟಿ ಇಲ್ಲದಿದ್ದರೆ ಅಂಗಡಿಯವರೇ ಅಪ್‌ಡೇಟ್ ಮಾಡಿ ಕೊಡಲಿ. ಗೇಮ್, ಫೈಲ್ ಇಡುವ ಎಸ್‌ಎಸ್‌ಡಿ ಎನ್‌ವಿಎಂಇ ಎಂಬ ವೇಗದ ಬಗೆಯದಿರಲಿ, ಆದರೆ 1 ಟಿಬಿ. ದೊಡ್ಡ ಗೇಮ್ ಒಂದೊಂದೇ 100 ಜಿಬಿ ನುಂಗುವ ಕಾಲ ಇದು.

ಎಲ್ಲರೂ ದುಡ್ಡು ಉಳಿಸಲು ಹೋಗುವುದು ಎಸ್‌ಎಂಪಿಎಸ್‌ನಲ್ಲಿ, ಅಂದರೆ ಯಂತ್ರಕ್ಕೆ ಕರೆಂಟ್ ಹಂಚುವ ಡಬ್ಬಿಯಲ್ಲಿ. ಗೇಮ್ ಮಧ್ಯೆ ಯಂತ್ರ ದಡಕ್ಕನೆ ಆರುವುದೂ ಅಲ್ಲಿಂದಲೇ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ 450 ವ್ಯಾಟ್ ಡಬ್ಬಿಯನ್ನು ಕೈಯಲ್ಲಿ ಎತ್ತಿ ನೋಡಿ, ಮಂಡಕ್ಕಿ ಪೊಟ್ಟಣದಷ್ಟು ಹಗುರ. ಮೈಮೇಲಿನ ಚೀಟಿಯಲ್ಲಿ 12 ವೋಲ್ಟ್ ಸಾಲನ್ನು ಓದಿ. 16 ಆಂಪಿಯರ್ ಎಂದಿದ್ದರೆ 12 ಗುಣಿಲೆ 16, ಅಂದರೆ 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಈ ಸಾಲಿನಿಂದ. ಆರ್‌ಎಕ್ಸ್ 6600ಕ್ಕೆ 132, ರೈಜನ್ 5600 ಪೂರ್ತಿ ದುಡಿದರೆ 76, ಬೋರ್ಡ್, ಫ್ಯಾನ್, ಎಸ್‌ಎಸ್‌ಡಿಗೆ 40 ಸೇರಿಸಿದರೆ 250ರ ಹತ್ತಿರ. 192ರ ಬುಟ್ಟಿಗೆ 250 ತುಂಬಿದರೆ ವೋಲ್ಟೇಜ್ ಕುಸಿದು ಯಂತ್ರ ರೀಸ್ಟಾರ್ಟ್ ಆಗುತ್ತದೆ. ಗಿರಾಕಿ ವಿಂಡೋಸ್ ಕೆಟ್ಟಿತೆಂದು ಮೂರು ಸಲ ಫಾರ್ಮ್ಯಾಟ್ ಹೊಡೆಸುತ್ತಾನೆ. ಹೆಸರುವಾಸಿ ಕಂಪನಿಯ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿನ 550 ವ್ಯಾಟ್ ತೆಗೆದುಕೊಂಡರೆ ಮುಂದೆ ಕಾರ್ಡ್ ಬದಲಿಸಿದಾಗಲೂ ಅದೇ ನಡೆಯುತ್ತದೆ.

ನಮ್ಮಲ್ಲಿ ಕರೆಂಟ್ ಹೋಗುವುದು, ಮಳೆಗಾಲದ ಮೊದಲ ಗಾಳಿಗೆ ವೋಲ್ಟೇಜ್ ಏರಿಳಿಯುವುದು ಹೊಸದಲ್ಲ. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್. ಒಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಬ್ಯಾಟರಿ. ಗೇಮ್ ಓಡುವಾಗ ಅದು ನಾಲ್ಕೈದು ನಿಮಿಷ ಹಿಡಿದೀತು, ಸೇವ್ ಮಾಡಿ ಮುಚ್ಚಲಿಕ್ಕೆ ಸಾಕು. ಮ್ಯಾಚ್ ಮುಗಿಸುತ್ತೇನೆ ಎಂದರೆ ಇಲ್ಲ. ಹಳೇ ಊರಿನ ಮನೆಗಳಲ್ಲಿ ಇನ್ನೊಂದು ದೂರು ಸಾಮಾನ್ಯ: ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಕಂಪ್ಯೂಟರ್ ಕೆಟ್ಟಿರುವುದಿಲ್ಲ, ಸಾಕೆಟ್ಟಿಗೆ ಅರ್ಥಿಂಗ್ ಇರುವುದಿಲ್ಲ. ಎಸ್‌ಎಂಪಿಎಸ್ ಬಾಯಲ್ಲಿರುವ ಫಿಲ್ಟರ್ ಕೆಪಾಸಿಟರ್‌ಗಳಿಂದ ಜಿನುಗುವ ಸೋರಿಕೆ ಭೂಮಿಗಿಳಿಯಲು ದಾರಿಯಿಲ್ಲದೆ ಲೋಹದ ಮೈಯಲ್ಲೇ ನಿಲ್ಲುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸುವ ಜಾಣತನವಂತೂ ಬೇಡವೇ ಬೇಡ.

ಕ್ಯಾಬಿನೆಟ್ ವಿಚಾರದಲ್ಲಿ ಬಣ್ಣದ ದೀಪಕ್ಕಿಂತ ಗಾಳಿ ನೋಡಿ. ಮುಂದೆ ಗಾಜು ಇರುವುದು ಶೋಕೇಸಿಗೆ ಚಂದ. ಏಪ್ರಿಲ್‌ನಲ್ಲಿ ಹೊರಗೆ 38 ಡಿಗ್ರಿ ಇರುವ ಚಿತ್ರದುರ್ಗ, ಚಳ್ಳಕೆರೆ ಕಡೆ ಅದು ಒಲೆ. ಮುಂಭಾಗ ಜಾಲರಿ ಇರಲಿ, ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರಹಾಕಲಿ. ಗೇಮ್ ಆಡುತ್ತ ಹತ್ತು ನಿಮಿಷಕ್ಕೆ ವೇಗ ಕುಗ್ಗಿದರೆ ಪಕ್ಕದ ಬಾಗಿಲು ತೆಗೆದು ಆಡಿ ನೋಡಿ. ತಾಪ ಹತ್ತು ಡಿಗ್ರಿಯಷ್ಟು ಇಳಿದರೆ ತಪ್ಪು ಕ್ಯಾಬಿನೆಟ್ಟಿನದು. ಪ್ರೊಸೆಸರ್ ಕೂಲರ್ ಬದಲಿಸಿ ದುಡ್ಡು ಹಾಳುಮಾಡಬೇಡಿ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಆಸುಪಾಸಿನ ಮನೆಗಳಲ್ಲಿ ಹೊಟ್ಟಿನ ದೂಳು ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತದೆ. ಅಂಥವರು ತಿಂಗಳಿಗೊಮ್ಮೆ ಜಾಲರಿ ತೊಳೆಯಬೇಕು, ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಬೇಕು. ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಗೆ ವಿಪರೀತ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಮನೆಯಲ್ಲೇ ಜೋಡಿಸುವವರು ಕೆಡಿಸಿಕೊಳ್ಳುವ ಜಾಗಗಳು ಕೆಲವೇ. ರೈಜನ್ 5600ದಂಥ ಎಎಂ4 ಸಾಕೆಟ್ಟಿನ ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನಲ್ಲೇ ಇರುತ್ತವೆ. ಕೂಲರ್ ನೇರ ಮೇಲಕ್ಕೆ ಕಿತ್ತರೆ ನಡುವೆ ಹಚ್ಚಿದ ಥರ್ಮಲ್ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಎದ್ದುಬರುತ್ತದೆ, ಪಿನ್ ಬಾಗುತ್ತವೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಎತ್ತಿ. ಇಂಟೆಲ್‌ನಲ್ಲಿ ಪಿನ್ನು ಬೋರ್ಡಿನಲ್ಲಿ, ಅವು ಬಾಗಿದರೆ ವಾರಂಟಿ ಸಿಗುವುದಿಲ್ಲ. ಪ್ರೊಸೆಸರಿನ 4+4 ವೈರು, ಕಾರ್ಡಿನ 6+2 ವೈರು ನೋಡಲು ಅಣ್ಣತಮ್ಮಂದಿರಂತೆ. ಬರಹ ಓದಿ ಸಿಕ್ಕಿಸಿ, ಒತ್ತಾಯ ಬೇಡ. ಮಾನಿಟರಿನ ಎಚ್‌ಡಿಎಂಐ ಕೇಬಲ್ ಕಾರ್ಡಿಗೆ ಹಾಕಿ, ಬೋರ್ಡಿಗಲ್ಲ. ‘ಇಪ್ಪತ್ತು ಸಾವಿರದ ಕಾರ್ಡ್ ಓಡ್ತಿಲ್ಲ’ ಎಂದು ಅಂಗಡಿಗೆ ಬರುವ ದೂರುಗಳಲ್ಲಿ ಇದಕ್ಕೊಂದು ಖಾಯಂ ಜಾಗ ಇದೆ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತಂದವರು ವಿಂಡೋಸ್‌ನ ಡಿಸ್‌ಪ್ಲೇ ಸೆಟಿಂಗ್‌ನಲ್ಲಿ ಅದನ್ನು ಆರಿಸದಿದ್ದರೆ 60ರಲ್ಲೇ ಆಡುತ್ತಿರುತ್ತಾರೆ.

ಇಷ್ಟು ದುಡ್ಡಿಲ್ಲದವರಿಗೆ ಹಳೇ ಮಾಲು ತಪ್ಪೇನಲ್ಲ, ಹಳೇದೆಂದು ಹೇಳಿ ಮಾರಿದರೆ. ಕಚೇರಿಯಿಂದ ಬಂದ ಐ5-8500ರ ಡೆಸ್ಕ್‌ಟಾಪ್‌ನಲ್ಲಿ ಆರು ಕೋರ್ ಇವೆ, ವಿಂಡೋಸ್ 11 ನೇರವಾಗಿ ಕೂರುತ್ತದೆ. ಅದಕ್ಕೆ 75 ವ್ಯಾಟ್ ಒಳಗಿನ, ಬೇರೆ ಪವರ್ ವೈರು ಬೇಡದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕರಪತ್ರದ ಐ7 ಹತ್ತಿರವೂ ಸುಳಿಯದು. ಸಣ್ಣ ಡಬ್ಬಿಯದಾದರೆ ಗಿಡ್ಡ ಕಾರ್ಡೇ ಬೇಕು, ಅಳತೆ ನೋಡಿಕೊಳ್ಳಿ.

ಬಿಲ್ಲಿನಲ್ಲಿ ‘ಅಸೆಂಬಲ್ಡ್ ಪಿಸಿ, 1’ ಎಂದು ಒಂದೇ ಸಾಲು ಬರೆದರೆ ಒಪ್ಪಬೇಡಿ. ಪ್ರತಿ ಬಿಡಿಭಾಗಕ್ಕೂ ಒಂದು ಸಾಲು, ಪೂರ್ತಿ ಮಾಡೆಲ್, ಸೀರಿಯಲ್ ನಂಬರ್, 18 ಪರ್ಸೆಂಟ್ ಜಿಎಸ್‌ಟಿ. ಡಬ್ಬಿ ಸಮೇತ ಬಂದ ಪ್ರೊಸೆಸರಿಗೆ ಮೂರು ವರ್ಷ ಕಂಪನಿ ವಾರಂಟಿ ಇರುತ್ತದೆ. ಬಿಡಿಯಾಗಿ ಬಂದ ‘ಟ್ರೇ’ ಮಾಲಿಗೆ ಅಂಗಡಿಯ ಬಾಯಿಮಾತೇ ವಾರಂಟಿ. ಬಿಲ್ ಇಲ್ಲದೆ ಎರಡು ಸಾವಿರ ಉಳಿಸಿದವರಿಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ತೋರಿಸಲು ಏನೂ ಇರುವುದಿಲ್ಲ. ಮಾಡೆಲ್ ಬರೆದು ಕೊಡುವ, ಜೋಡಣೆಗೆ ಸಾವಿರ ರೂಪಾಯಿ ನೇರವಾಗಿ ಕೇಳುವ ಅಂಗಡಿಗಳು ದಾವಣಗೆರೆಯಲ್ಲೂ ದುರ್ಗದಲ್ಲೂ ಇವೆ. ಕರಪತ್ರದ ಬೆಲೆಯ ಮುಂದೆ ಅವರ ಕೊಟೇಶನ್ನು ದುಬಾರಿಯಾಗಿ ಕಾಣುತ್ತದೆ ಎಂಬುದೇ ಅವರ ಸಂಕಟ.

ಪತ್ರಿಕೆಯೊಳಗೆ ಕರಪತ್ರ ಇಡುವುದು ವಿತರಕರ ವ್ಯವಹಾರ, ಅದು ನಿಮ್ಮ ಕೈಯಲ್ಲಿಲ್ಲ. ಆದರೆ ನಿಮ್ಮ ಪುಟದಲ್ಲೇ ಬರುವ ವರ್ಗೀಕೃತ ಜಾಹೀರಾತಿನಲ್ಲಿ ‘ಐ7’ ಎಂದು ಬರೆಸಲು ಬಂದವರನ್ನು, ಮುಂದಿನ ಅಂಕಿ ಎಷ್ಟು ಎಂದು ನಿಮ್ಮ ಸಿಬ್ಬಂದಿ ಕೇಳಬಹುದಲ್ಲ?

— ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿ ಕೆಲಸದ ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ