ಗೆಳೆಯನಿಗೊಂದು ಪತ್ರ: ಪೊಲ್ಲಿಲೂರಿನಲ್ಲಿ ಒಂದು ಭಾನುವಾರ

ನಾಟಿಂಗ್‌ಹ್ಯಾಮ್, ಸೋಮವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನೆ ಇಡೀ ದಿನ ನಾನು ಕರ್ನಲ್ ಬೈಲಿ ಆಗಿದ್ದೆ ಕಣೋ. ಹೌದು, ಅದೇ ಬೈಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆ ಮೇಲೆ ಪಲ್ಲಕ್ಕಿಯಲ್ಲಿ ಕೂತಿರುತ್ತಾನಲ್ಲ, ಸುತ್ತ ಅವನ ಸಿಪಾಯಿಗಳು ಚೌಕ ಕಟ್ಟಿಕೊಂಡು ನಿಂತಿರುತ್ತಾರಲ್ಲ, ಅವನು. ಏಳನೇ ಕ್ಲಾಸಿನ ಟ್ರಿಪ್ಪಿನಲ್ಲಿ ಎಲ್ಲರೂ ಬಸ್ ಹತ್ತಿದ ಮೇಲೂ ನಾವಿಬ್ಬರು ಆ ಗೋಡೆ ಮುಂದೆಯೇ ನಿಂತಿದ್ದೆವು, ನೆನಪಿದೆಯಾ? ನೀನು ಆನೆ ಎಣಿಸುತ್ತಿದ್ದೆ. ನಾನು ಚೌಕದೊಳಗೆ ಸಿಡಿಯುತ್ತಿದ್ದ ಮದ್ದಿನ ಬಂಡಿಯನ್ನೇ ನೋಡುತ್ತಿದ್ದೆ. ನಿನ್ನೆ ಆ ಬಂಡಿ ನನ್ನ ಕೈಯಲ್ಲಿತ್ತು. ಹೆಬ್ಬೆರಳಿನಷ್ಟು ಉದ್ದದ್ದು.

ನೀನು ಫೋನಿನಲ್ಲಿ ಕೇಳಿದ್ದೆಯಲ್ಲ, ಅಲ್ಲಿ ಭಾನುವಾರ ಏನು ಮಾಡುತ್ತೀಯ ಅಂತ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬರೆಯಲು ಕೂತೆ.

ನಮ್ಮದು ಎಂಟು ಹತ್ತು ಜನರ ಗುಂಪು. ತಿಂಗಳಿಗೊಂದು ಭಾನುವಾರ ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿಯುತ್ತೇವೆ. ಮೇಜುಗಳನ್ನು ಜೋಡಿಸಿ ಹನ್ನೆರಡಡಿ ಉದ್ದ, ಆರಡಿ ಅಗಲ ಮಾಡಿ, ಅದರ ಮೇಲೆ ಯಾವುದಾದರೂ ನಿಜವಾಗಿ ನಡೆದ ಯುದ್ಧದ ನೆಲವನ್ನು ಮಾಡುತ್ತೇವೆ. ಆಳು ಅಂದರೆ 28 ಮಿಲಿಮೀಟರ್ ಎತ್ತರದ ಗೊಂಬೆ. ಲೋಹದ್ದೋ ಪ್ಲಾಸ್ಟಿಕ್ಕಿನದೋ ತಂದು, ಒಂದೊಂದಕ್ಕೂ ನಾವೇ ಬಣ್ಣ ಹಚ್ಚುತ್ತೇವೆ. ಈ ಊರಿನ ಸುತ್ತ ಇಂಥ ಗೊಂಬೆ ಮಾಡುವ ಕಂಪನಿಗಳು ಎಷ್ಟಿವೆ ಎಂದರೆ ಹವ್ಯಾಸದವರು ಈ ಕಡೆಗೆ ಲೆಡ್ ಬೆಲ್ಟ್ ಎಂದೇ ಹೆಸರಿಟ್ಟಿದ್ದಾರೆ, ಹಿಂದೆ ಗೊಂಬೆಗಳನ್ನು ಸೀಸದಲ್ಲೇ ಎರಕ ಹೊಯ್ಯುತ್ತಿದ್ದರು. ಅಳತೆಗೆ ಟೇಪು, ಅದೃಷ್ಟಕ್ಕೆ ದಾಳ. ನಮ್ಮೂರ ದೇವಸ್ಥಾನದ ಜಗಲಿ ಮೇಲೆ ಆಡು-ಹುಲಿ ಆಡುತ್ತಿದ್ದೆವಲ್ಲ, ಹಾಸುಗಲ್ಲಿನ ಮೇಲೆ ಕೊರೆದ ಮನೆಗಳಲ್ಲಿ? ಅಷ್ಟೇ ಮೈಮರೆತು ಆಡುವ ಆಟ ಇದು.

ಇಲ್ಲಿನವರಿಗೆ ವಾಟರ್ಲೂ ಅಂದರೆ ಪ್ರಾಣ. ನೆಪೋಲಿಯನ್, ವೆಲ್ಲಿಂಗ್ಟನ್, ಮತ್ತೆ ನೆಪೋಲಿಯನ್. ಹೋದ ವರ್ಷ ಚಹಾ ಕುಡಿಯುವಾಗ ಹೇಳಿದೆ, ನಿಮ್ಮ ವೆಲ್ಲಿಂಗ್ಟನ್ ಇನ್ನೂ ಕರ್ನಲ್ ವೆಲ್ಲೆಸ್ಲಿ ಆಗಿದ್ದಾಗ ನಮ್ಮ ಕಡೆ, ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ವಾಸವಿದ್ದ, ಅಲ್ಲಿನ ಗೋಡೆ ಮೇಲಿದ್ದ ಇಂಗ್ಲಿಷರ ಸೋಲಿನ ಚಿತ್ರಕ್ಕೆ ಮತ್ತೆ ಬಣ್ಣ ಹಾಕಿಸಿದವನೂ ಅವನೇ ಅಂತ. ಒಬ್ಬರೂ ಕೇಳಿರಲಿಲ್ಲ. ಯಾವ ಸೋಲು, ಎಲ್ಲಿ, ಯಾವಾಗ ಅಂತ ಶುರುವಾಯಿತು. 1780ರ ಸೆಪ್ಟೆಂಬರ್ 10, ಪೊಲ್ಲಿಲೂರು, ಕಾಂಚೀಪುರದ ಹತ್ತಿರ, ಹೈದರ್ ಅಲಿ ಮತ್ತು ಟಿಪ್ಪು ಸೇರಿ ಬೈಲಿಯ ಸೈನ್ಯವನ್ನು ಸೋಲಿಸಿದ್ದು ಅಂದೆ. ನಮ್ಮಲ್ಲಿ ಒಬ್ಬರು ನಿವೃತ್ತ ಇತಿಹಾಸ ಮೇಷ್ಟ್ರಿದ್ದಾರೆ. ಅವರು ಅಲ್ಲೇ ಡೈರಿ ತೆಗೆದು ಬರೆದುಕೊಂಡರು.

ಆಮೇಲೆ ಹತ್ತು ತಿಂಗಳು ನನ್ನ ರಾತ್ರಿಗಳೆಲ್ಲ ಇದಕ್ಕೇ ಹೋದವು. ಮೈಸೂರಿನ ಸೈನ್ಯ ಅಂದ ತಕ್ಷಣ ಎಲ್ಲರೂ ಹುಲಿಪಟ್ಟೆಯ ಬಟ್ಟೆ ಹಾಕಿಸುತ್ತಾರೆ. ಅದು ಟಿಪ್ಪು ಪಟ್ಟಕ್ಕೆ ಬಂದ ಮೇಲಿನ ಸಮವಸ್ತ್ರ. 1780ರಲ್ಲಿ ಹೈದರ್ ಇನ್ನೂ ಇದ್ದ. ಹಾಗಾಗಿ ಮುಂಚೆ ಬಳಿದಿಟ್ಟಿದ್ದ ನಲವತ್ತು ಗೊಂಬೆಗಳನ್ನು ಡಬ್ಬಿಯಲ್ಲೇ ಬಿಟ್ಟು ಹೊಸದಾಗಿ ಶುರುಮಾಡಿದೆ. ಮೈಸೂರಿನ ರಾಕೆಟ್ ಅಂದರೆ ಬಿದಿರಿಗೆ ಕಟ್ಟಿದ ಕಬ್ಬಿಣದ ಕೊಳವೆ, ಹಾಗಾಗಿ ರಾಕೆಟ್ಟಿನವರಿಗೆ ಬಿದಿರು ಬೇಕಲ್ಲ. ಅಮ್ಮ ಇಲ್ಲಿಗೆ ಬಂದಾಗ ತಂದಿದ್ದ ಕಡ್ಡಿಪೊರಕೆಯಿಂದ ಎರಡು ಕಡ್ಡಿ ಎಳೆದು, ಬ್ಲೇಡಿನಲ್ಲಿ ಸೀಳಿ, ತುದಿಗೆ ತಂತಿಯ ಚೂರು ಅಂಟಿಸಿದೆ. ತೆಂಗಿನ ಗರಿಯ ಆ ಕಂದು ಬಣ್ಣಕ್ಕೆ ಮೇಲೆ ಬಣ್ಣವೇ ಬೇಕಾಗಲಿಲ್ಲ. 2018ರಲ್ಲಿ ಹೊಸನಗರದ ನಗರ ಕೋಟೆಯ ಬಾವಿಯಲ್ಲಿ ಸಾವಿರದಷ್ಟು ರಾಕೆಟ್ ಸಿಕ್ಕಿದವಲ್ಲ, ಅದರ ಸುದ್ದಿ ನೀನೇ ನನಗೆ ಕಳಿಸಿದ್ದೆ. ಆ ಫೋಟೋಗಳನ್ನು ಮುಂದೆ ಇಟ್ಟುಕೊಂಡೇ ಕಬ್ಬಿಣದ ಕೊಳವೆಯ ತುಕ್ಕಿನ ಬಣ್ಣ ಹಚ್ಚಿದೆ.

ಇನ್ನೊಂದು ಹೇಳಬೇಕು. ಫಿರಂಗಿ ಪಕ್ಕ ಗುಂಡಿನ ರಾಶಿ ಇಡಬೇಕಿತ್ತು. ಆರು ಪೌಂಡಿನ ಗುಂಡಿಗೆ ಮೂರೂವರೆ ಇಂಚು ಅಡ್ಡಳತೆ. ನಮ್ಮ ಗೊಂಬೆ ಮನುಷ್ಯನ ಅರವತ್ತನೇ ಒಂದು ಭಾಗ. ಲೆಕ್ಕ ಹಾಕಿದರೆ ಒಂದೂವರೆ ಮಿಲಿಮೀಟರ್ ಬರುತ್ತದೆ. ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ತೆಗೆದು ನೋಡಿದೆ. ಸಾಸಿವೆ ದಪ್ಪವಾಯಿತು. ರಾಗಿ ಸರಿಹೋಯಿತು! ಅಂಟು ಹಚ್ಚಿ, ಸೂಜಿ ತುದಿಯಲ್ಲಿ ಒಂದೊಂದೇ ಕಾಳು ಕೂರಿಸಿ, ಕಪ್ಪು ಬಳಿದೆ. ಈಗ ಹೈದರನ ಫಿರಂಗಿಗಳ ಪಕ್ಕದಲ್ಲಿ ರಾಗಿಯ ರಾಶಿ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿ.

ಆದರೆ ಬಣ್ಣ ಹಚ್ಚುವಾಗ ನನ್ನ ಮನಸ್ಸನ್ನು ಹಿಡಿದದ್ದು ಎದುರು ಪಕ್ಷ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಅಂದರೆ ಬಿಳಿಯರು ಅಂತಲೇ ನಮ್ಮ ತಲೆಯಲ್ಲಿ ಇರುತ್ತದೆ. ಬೈಲಿಯ ಕೊನೆಯ ಸೈನ್ಯ ನಾಲ್ಕು ಸಾವಿರವೂ ಇರಲಿಲ್ಲ, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ನಮ್ಮವರೇ, ಸಿಪಾಯಿಗಳು. ಕೆಂಪು ಕೋಟು ಹಾಕಿಸಿ ಮುಗಿಸಿದೆ, ಮುಖಕ್ಕೆ ಬಂದಾಗ ಕಂದು ಬಣ್ಣದ ಬಾಟಲಿ ಖಾಲಿಯಾಯಿತು. ಇನ್ನೊಂದು ತಂದೆ. ಅದೂ ಮುಕ್ಕಾಲು ಖಾಲಿ. ಮೇಜಿನ ಈ ತುದಿಯಲ್ಲಿ ಹೈದರನ ಆಳುಗಳು, ಆ ತುದಿಯಲ್ಲಿ ಬೈಲಿಯ ಆಳುಗಳು, ಎರಡೂ ಕಡೆ ಒಂದೇ ಬಾಟಲಿಯ ಬಣ್ಣ. ಆ ರಾತ್ರಿ ನಾನು ಬೇಗ ದೀಪ ಆರಿಸಿ ಮಲಗಿದೆ.

ಸರಿ, ನಿನ್ನೆಯ ಕಥೆಗೆ ಬರುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಗೆ ಸೇರಿದೆವು. ಗೋಣಿಬಟ್ಟೆ ಮೇಲೆ ಮಣ್ಣಿನ ಬಣ್ಣ ಬಳಿದು ಮಾಡಿದ್ದ ನೆಲ ಹಾಸಿದೆ, ತಾಳೆಮರದ ತೋಪು ನಿಲ್ಲಿಸಿದೆ, ಗದ್ದೆ, ಕೆರೆ ಏರಿ, ಒಂದು ಹಳ್ಳಿ. ಚೀಟಿ ಎತ್ತಿದೆವು. ನನಗೆ ಹೈದರ್ ಬರಲಿ ಅಂತ ಆಸೆ ಇತ್ತು. ಬೈಲಿ ಬಂತು. ಹೈದರ್ ಆಗಿದ್ದು ರೈಲು ಓಡಿಸಿ ನಿವೃತ್ತರಾದ ಒಬ್ಬರು. ಟಿಪ್ಪುವಿನ ಕುದುರೆ ಪಡೆ ಒಬ್ಬ ನರ್ಸ್ ಕೈಗೆ ಹೋಯಿತು, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ರಾಕೆಟ್ಟುಗಳು ಒಬ್ಬ ಕಾಲೇಜು ಹುಡುಗನಿಗೆ.

ಇನ್ನು ಮನ್ರೋ. ಇಲ್ಲೇ ಮೇಷ್ಟ್ರ ಬುದ್ಧಿವಂತಿಕೆ ಇರುವುದು. ಜನರಲ್ ಹೆಕ್ಟರ್ ಮನ್ರೋ ದೊಡ್ಡ ಸೈನ್ಯ ಇಟ್ಟುಕೊಂಡು ಕಾಂಚೀಪುರದಲ್ಲಿ ಇದ್ದ. ಗುಂಟೂರಿನ ಕಡೆಯಿಂದ ಬರುತ್ತಿದ್ದ ಬೈಲಿ ಅವನನ್ನು ಸೇರಿಕೊಳ್ಳಬೇಕಿತ್ತು. ನಡುವೆ ಹದಿನೈದು ಮೈಲಿಯೂ ಉಳಿದಿರಲಿಲ್ಲ. ಆದರೂ ಮನ್ರೋ ಜಾಗ ಬಿಟ್ಟು ಕದಲಲಿಲ್ಲ, ಸೈನ್ಯದ ದವಸಧಾನ್ಯ ಎಲ್ಲ ಕಾಂಚಿಯಲ್ಲಿದೆ, ಬಿಟ್ಟು ಹೋದರೆ ಹೈದರನ ಪಾಲಾಗುತ್ತದೆ ಅಂತ. ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಹದಿನೈದು ಮೈಲಿ ಹೋಗಲಾಗದಾ ಅಂತ. ಮೇಷ್ಟ್ರು ಏನು ಮಾಡಿದರು ಗೊತ್ತಾ? ಮನ್ರೋ ಆಗಿದ್ದವನನ್ನು ಕರೆದುಕೊಂಡು ಹೋಗಿ ಹಾಲ್‌ನ ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಕೈಯಲ್ಲಿ ಒಂದು ಭೂಪಟ, ಪೆನ್ಸಿಲ್, ಒಂದು ಕಪ್ ಕಾಫಿ. ಮೇಜು ಅವನಿಗೆ ಕಾಣುವುದೇ ಇಲ್ಲ. ನಾನು ಚೀಟಿ ಬರೆದು ಮೇಷ್ಟ್ರಿಗೆ ಕೊಡಬೇಕು, ನಾಲ್ಕು ಸುತ್ತು ಆದ ಮೇಲೆ ಅದು ಅವನಿಗೆ ತಲುಪುತ್ತದೆ, ದಾಳ ಸರಿ ಬಿದ್ದರೆ ಮಾತ್ರ. ಪ್ರಷ್ಯದ ಸೈನ್ಯದಲ್ಲಿ 1820ರ ದಶಕದಲ್ಲೇ ಅಧಿಕಾರಿಗಳಿಗೆ ಹೀಗೆ ಭೂಪಟ ಕೊಟ್ಟು, ನಡುವೆ ಒಬ್ಬ ತೀರ್ಪುಗಾರನನ್ನು ಇಟ್ಟು ಆಡಿಸುತ್ತಿದ್ದರು.

ಆಟ ಶುರುವಾಗಿದ್ದು 9ನೇ ತಾರೀಖಿನ ರಾತ್ರಿಯಿಂದ. ಅಷ್ಟರಲ್ಲಿ ಬೈಲಿ ಆಗಲೇ ಒಂದು ತಪ್ಪು ಮಾಡಿಯಾಗಿತ್ತು. ಆಗಸ್ಟ್ ಕೊನೆಯಲ್ಲಿ ಕೊಸಸ್ತಲೈಯಾರ್ ನದಿ ದಾಟುವ ಹಾಗಿದ್ದಾಗಲೇ ದಾಟದೆ ಈ ದಡದಲ್ಲಿ ಬೀಡುಬಿಟ್ಟ. ರಾತ್ರಿ ನೀರು ಬಂತು, ಒಂದು ವಾರಕ್ಕಿಂತ ಜಾಸ್ತಿ ಅಲ್ಲೇ ಸಿಕ್ಕಿಕೊಂಡ. ಎರಡನೇ ತಪ್ಪು ಅಂತ ಎಲ್ಲರೂ ಹೇಳುವುದು ಈ ರಾತ್ರಿಯದು. ಮನ್ರೋ ಕಳಿಸಿದ್ದ ಕರ್ನಲ್ ಫ್ಲೆಚರ್‌ನ ಸಾವಿರ ಜನ ಬಂದು ಸೇರಿದ್ದರು. ರಾತ್ರಿಯೇ ಹೊರಟ ಬೈಲಿ ಇನ್ನೇನು ಕೆಲವೇ ಮೈಲಿ ಇರುವಾಗ ನಿಂತುಬಿಟ್ಟ, ಬೆಳಗಾದ ಮೇಲೆ ಹೋಗೋಣ ಅಂತ. ಬೆಳಗಾಗುವ ಹೊತ್ತಿಗೆ ಹೈದರನ ಇಡೀ ಸೈನ್ಯ ಮೇಲೆ ಬಿತ್ತು.

ನಾನು ನಿಲ್ಲುವುದಿಲ್ಲ ಅಂತ ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ರಾತ್ರಿಯೆಲ್ಲ ನಡೆಸುತ್ತೇನೆ, ಕಾಂಚಿ ಸೇರಿಸುತ್ತೇನೆ.

ನಮ್ಮ ರೂಲ್ಸ್ ಪ್ರಕಾರ ಪಡೆ ಕದಲಬೇಕಾದರೆ ಎರಡು ದಾಳ ಹಾಕಬೇಕು. ಕತ್ತಲಲ್ಲಿ ಬೈಲಿಯ ಅಂಕಿ ಏಳು. ಏಳು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಮಾತು ಕೇಳುತ್ತಾರೆ. ಮೊದಲ ಸಲ ಹಾಕಿದೆ, ಹನ್ನೊಂದು. ಯಾರೂ ಕದಲಲಿಲ್ಲ. ಎರಡನೇ ಸುತ್ತಿನಲ್ಲಿ ಸಿಪಾಯಿಗಳು ಹೊರಟರು, ಫಿರಂಗಿಗೆ ಹಾಕಿದಾಗ ಒಂಬತ್ತು. ಎತ್ತುಗಳು ಗದ್ದೆಯ ಕೆಸರಲ್ಲಿ ನಿಂತುಬಿಟ್ಟವು ಅಂದರು ಮೇಷ್ಟ್ರು. ಅತ್ತ ನರ್ಸ್ ನಿದ್ದೆಗಣ್ಣಲ್ಲೇ ಟಿಪ್ಪುವಿನ ಕುದುರೆಗಳನ್ನು ತೋಪಿನ ಹಿಂದಿನಿಂದ ತಂದು ನನ್ನ ಸಾಲಿನ ಬಾಲದ ಹತ್ತಿರ ನಿಲ್ಲಿಸಿದಳು. ಮುಂದೆ ಸಿಪಾಯಿಗಳು, ಹಿಂದೆ ಒಂದಡಿ ದೂರದಲ್ಲಿ ಫಿರಂಗಿ, ನಡುವೆ ಖಾಲಿ ಜಾಗ, ಪಕ್ಕದಲ್ಲಿ ಕುದುರೆ. ಫಿರಂಗಿ ಬಿಟ್ಟು ಹೋದರೆ ಬೆಳಿಗ್ಗೆ ಬರಿಗೈ. ಫಿರಂಗಿ ಹಿಂದಿನಿಂದ ಬರಲಿ ಅಂತ ಮುಂದೆ ನಡೆದರೆ ಸಾಲು ಎರಡು ತುಂಡು.

"ನಿಲ್ಲಿಸಿ" ಅಂತ ನಾನೇ ಹೇಳಿದೆ ಕಣೋ. ನನ್ನ ಬಾಯಿಂದಲೇ ಬಂತು. ಫಿರಂಗಿ ಬರಲಿ, ಬೆಳಗಾಗಲಿ, ಆಮೇಲೆ ಹೋಗೋಣ.

ಹೇಳಿದ ಮೇಲೆ ನಾನು ಮೇಜಿನ ಅಂಚು ಹಿಡಿದುಕೊಂಡು ಸುಮ್ಮನೆ ನಿಂತೆ. ಇಪ್ಪತ್ತು ವರ್ಷದಿಂದ ಬೈಲಿ ಯಾಕೆ ನಿಂತ, ಯಾಕೆ ನಿಂತ ಅಂತ ಕೇಳಿಕೊಂಡು ಬಂದವನು ನಾನು.

ಬೆಳಗಿನ ಆಟ ಉದ್ದ ಹೇಳುವುದಿಲ್ಲ. ಹೈದರ್ ಮೂರು ಕಡೆಯಿಂದ ಬಂದ. ರಾಕೆಟ್ ಹುಡುಗ ಅದ್ಭುತವಾಗಿ ಆಡಿದ. ನಮ್ಮ ಆಟದಲ್ಲಿ ರಾಕೆಟ್ ಎಲ್ಲಿ ಬೀಳುತ್ತದೆ ಅಂತ ದಾಳವೇ ಹೇಳಬೇಕು, ಕೊಲ್ಲುವುದು ಕಡಿಮೆ, ಸಾಲು ಚದುರಿಸುವುದು ಜಾಸ್ತಿ. ನಾನು ಚೌಕ ಕಟ್ಟಿದೆ, ಗೋಡೆಯ ಚಿತ್ರದಲ್ಲಿ ಇದ್ದ ಹಾಗೆಯೇ, ನಡುವೆ ಮದ್ದಿನ ಬಂಡಿ. ನಿಜವಾದ ಯುದ್ಧದಲ್ಲಿ ಬಂಡಿ ಸಿಡಿಯಿತು, ಫಿರಂಗಿ ಗುಂಡು ತಗುಲಿ ಅಂತಲೂ ಹೇಳುತ್ತಾರೆ, ರಾಕೆಟ್ ಅಂತಲೂ ಹೇಳುತ್ತಾರೆ. ನಮ್ಮಲ್ಲಿ ಸಿಡಿಯಲು ಎರಡು ಆರು ಬೀಳಬೇಕು. ಹುಡುಗ ಹಾಕಿದ. ಒಂದು ಆರು. ಇನ್ನೊಂದು ಉರುಳಿ ಉರುಳಿ ರಾಗಿ ರಾಶಿಗೆ ತಗುಲಿ ನಾಲ್ಕಕ್ಕೆ ನಿಂತಿತು. ಬಂಡಿ ಉಳಿಯಿತು. ಹಾಗಿದ್ದೂ ಹನ್ನೊಂದನೇ ಸುತ್ತಿಗೆ ನನ್ನ ಚೌಕ ಒಡೆಯಿತು. ಬಿದ್ದ ಗೊಂಬೆಗಳನ್ನು ಒಂದು ತಟ್ಟೆಗೆ ಹಾಕುತ್ತೇವೆ. ತಟ್ಟೆ ತುಂಬಿತ್ತು. ಎಲ್ಲ ನಾನು ಬಳಿದ ಮುಖಗಳು.

ಆಗ ಅಡುಗೆಮನೆ ಬಾಗಿಲು ತೆರೆಯಿತು. ಮನ್ರೋ ಹೊರಗೆ ಬಂದ. ನಗುತ್ತಾ ಬಂದ. ಅವನ ಕೈಯಲ್ಲಿದ್ದ ಕೊನೆಯ ಚೀಟಿಯಲ್ಲಿ ಮೇಷ್ಟ್ರು ಹೀಗೆ ಬರೆದಿದ್ದರು: ದೂರದಲ್ಲಿ ಹೊಗೆ ಕಾಣುತ್ತಿದೆ, ಗುಂಡಿನ ಸದ್ದು ನಿಂತಿದೆ. ಬೈಲಿ ಗೆದ್ದ ಅಂದುಕೊಂಡಿದ್ದ ಅವನು. ಮೇಜು ನೋಡಿದ. ತಟ್ಟೆ ನೋಡಿದ. "ನೀನು ಮುಂಚೆಯೇ ಕರೆದಿದ್ದರೆ ಬರುತ್ತಿದ್ದೆನಲ್ಲ" ಅಂದ. ನಾನು ನಾಲ್ಕು ಚೀಟಿ ಕಳಿಸಿದ್ದೆ. ಅವನಿಗೆ ಮುಟ್ಟಿದ್ದು ಒಂದು. ನಿಜವಾದ ಮನ್ರೋ ಕೂಡ ಕೊನೆಗೆ ಹೊರಟು ಬಂದು ಹೊಗೆ ಕಂಡು ಹಾಗೆಯೇ ಅಂದುಕೊಂಡಿದ್ದನಂತೆ, ಗಾಯಗೊಂಡ ಒಬ್ಬ ಸಿಪಾಯಿ ಎದುರಿಗೆ ಬಂದು ಹೇಳುವವರೆಗೆ. ಆಮೇಲೆ ಅವನು ದೊಡ್ಡ ಫಿರಂಗಿಗಳನ್ನು ಕಾಂಚಿಯ ಕೆರೆಗೆ ತಳ್ಳಿ ಮದ್ರಾಸಿನ ಕಡೆ ಹಿಂದೆ ಸರಿದ. ಮೇಷ್ಟ್ರು ಇದನ್ನು ಹೇಳಿದಾಗ ನಮ್ಮ ಮನ್ರೋ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ನನಗೆ ಅವನ ಮೇಲೆ ಸಿಟ್ಟು ಬರಲೇ ಇಲ್ಲ. ಹಳೆಯ ಮನ್ರೋ ಮೇಲೂ ಮೊದಲಿನಷ್ಟು ಇಲ್ಲ ಈಗ.

ಆಮೇಲೆ ಎಲ್ಲರೂ ಕೂತು ನಾನು ಒಯ್ದಿದ್ದ ಕೋಡುಬಳೆ ಖಾಲಿ ಮಾಡಿದರು. ನಮ್ಮಲ್ಲಿ ಒಬ್ಬ ಸ್ಕಾಟ್ಲೆಂಡಿನವನು ಇದ್ದಾನೆ, ಅವನು ಡೇವಿಡ್ ಬೇರ್ಡ್‌ನ ಗೊಂಬೆ ತಂದಿದ್ದ. ಬೇರ್ಡ್ ಈ ಯುದ್ಧದಲ್ಲಿ ಗಾಯಗೊಂಡು ಸೆರೆಸಿಕ್ಕಿ, ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದು, 1784ರ ಮಂಗಳೂರು ಒಪ್ಪಂದ ಆದ ಮೇಲೆ ಬಿಡುಗಡೆಯಾದವನು. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದವನೂ ಅವನೇ. ಬೈಲಿ ಮಾತ್ರ ಹೊರಗೆ ಬರಲಿಲ್ಲ, 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಸ್ಕಾಟ್ಲೆಂಡಿನವನು ನನ್ನನ್ನು ಕೇಳಿದ, ಆ ಸೆರೆಮನೆ ಈಗಲೂ ಇದೆಯಾ, ನೀನು ನೋಡಿದ್ದೀಯಾ ಅಂತ. ಇದೆ, ಬೈಲಿಯ ಹೆಸರಲ್ಲೇ ಇದೆ, ಒಳಗೆ ಮಧ್ಯಾಹ್ನವೂ ತಂಪು ಅಂದೆ. ಮುಂದಿನ ವರ್ಷ ಬರುತ್ತೇನೆ ಅನ್ನುತ್ತಿದ್ದಾನೆ. ಬಂದರೆ ನಿನ್ನ ಮನೆಯಲ್ಲೇ ಊಟ, ಈಗಲೇ ಹೇಳಿಟ್ಟಿದ್ದೇನೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮೈಸೂರಿಗೆ ಹೋಗುತ್ತಾ ಬರುತ್ತಾ ಇರುತ್ತೀಯಲ್ಲ, ಒಂದು ಸಲ ದರಿಯಾ ದೌಲತ್‌ನಲ್ಲಿ ಇಳಿ. ಬೆಳಗಿನ ಹೊತ್ತು ಹೋಗು, ಜನ ಕಡಿಮೆ. ಆ ಚೌಕದ ಹತ್ತಿರ ನಿಂತು ಒಳಗಿರುವ ಸಿಪಾಯಿಗಳನ್ನು ನೋಡು. ತಲೆಗೆ ಏನು ಕಟ್ಟಿದ್ದಾರೆ, ಕಾಲಿಗೆ ಏನಾದರೂ ಇದೆಯಾ, ಸೊಂಟಪಟ್ಟಿಯ ಬಣ್ಣ ಏನು. ಫೋಟೋಗೆ ಬಿಡದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಬಾ. ತಟ್ಟೆಗೆ ಬಿದ್ದವರಲ್ಲಿ ಏಳೆಂಟು ಜನರ ಬಣ್ಣ ಕಿತ್ತಿದೆ, ಮತ್ತೆ ಬಳಿಯಬೇಕು. ನಿನ್ನ ಚೀಟಿ ಬರುವವರೆಗೆ ಅವರನ್ನು ಮೇಜಿನ ಮೇಲೇ ಇಟ್ಟಿರುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳು. ಆನೆ ಎಷ್ಟಿವೆ ಅಂತಲೂ ಎಣಿಸಿಕೊಂಡು ಬಾ.

ಇತಿ ನಿನ್ನ ಗೆಳೆಯ