ಅಮ್ಮನಿಗೆ, ರಿಯೂನಿಯನ್ ದ್ವೀಪದಿಂದ

ಪ್ರೀತಿಯ ಅಮ್ಮಾ,

ನಮಸ್ಕಾರ. ನಾನು ಆರಾಮ. ಅಪ್ಪನಿಗೂ ಅಜ್ಜಿಗೂ ಹೇಳು.

ನಿನ್ನ ಪತ್ರ ಸಿಕ್ಕಿತು. ಕೆಳಗೆ ಸುಮಕ್ಕ ಗೀಚಿದ ನಾಲ್ಕು ಸಾಲನ್ನೂ ಓದಿದೆ. ಟಿವಿಯಲ್ಲಿ ಇಲ್ಲಿಯ ಜ್ವಾಲಾಮುಖಿಯ ಬೆಂಕಿ ನೋಡಿದ ದಿನದಿಂದ ನೀನು ಸರಿಯಾಗಿ ನಿದ್ದೆ ಮಾಡಿಲ್ಲವಂತೆ, ಬಿಪಿ 170 ಆಗಿದೆಯಂತೆ. ನನಗೆ ಜ್ವಾಲಾಮುಖಿಗಿಂತ ಆ 170ರ ಭಯವೇ ಜಾಸ್ತಿ. ಮಾತ್ರೆ ಬಿಟ್ಟಿದ್ದೀಯಾ? ನಿಜ ಹೇಳು.

ನಾನಿರುವ ಸೇಂಟ್ ಡೆನಿಸ್ ಊರು ಈ ದ್ವೀಪದ ಉತ್ತರ ತುದಿಯಲ್ಲಿದೆ. ಬೆಂಕಿ ಉಗುಳುವ ಪಿಟೋನ್ ಡಿ ಲಾ ಫೋರ್ನೈಸ್ ಇರುವುದು ಆಗ್ನೇಯಕ್ಕೆ. ನಡುವೆ ಬೇಕಾದಷ್ಟು ಬೆಟ್ಟ. ನನ್ನ ಕಿಟಕಿಯಿಂದ ಒಂದು ಕಿಡಿಯೂ ಕಾಣುವುದಿಲ್ಲ. ಲಾವಾ ಬಹುಪಾಲು ಸಲ ಅಲ್ಲಿನ ದೊಡ್ಡ ತಗ್ಗಿನೊಳಗೇ ಹರಿಯುತ್ತದೆ. ಮೂರು ಕಡೆ ಕಡಿದಾದ ಗೋಡೆ, ಇನ್ನೊಂದು ಕಡೆ ಸಮುದ್ರ. ಒಳಗೆ ಯಾರ ಮನೆಯೂ ಇಲ್ಲ.

ಇಲ್ಲಿಯ ಜನ ಹೆದರಿ ಓಡುವುದಿಲ್ಲಮ್ಮ, ಕಾರು ಹತ್ತಿ ನೋಡಲು ಹೋಗುತ್ತಾರೆ! ಲಾವಾ ಕೆಲವೊಮ್ಮೆ ರಸ್ತೆ ದಾಟಿ ಸಮುದ್ರಕ್ಕೆ ಬೀಳುತ್ತದೆ. ತಣ್ಣಗಾದ ಮೇಲೆ ಅದರ ಮೇಲೆಯೇ ಮತ್ತೆ ರಸ್ತೆ ಹಾಕುತ್ತಾರೆ. 1977ರಲ್ಲಿ ಒಮ್ಮೆ ತಗ್ಗಿನ ಹೊರಗೆ ಬಂದು ಒಂದು ಊರಿಗೇ ನುಗ್ಗಿತ್ತು. ಚರ್ಚಿನ ಬಾಗಿಲಿಗೆ ಬಂದು, ಎರಡೂ ಪಕ್ಕಕ್ಕೆ ಸೀಳಿ ಹರಿಯಿತು. ಚರ್ಚು ಉಳಿಯಿತು. (ಇದನ್ನು ನಿನಗೆ ಹೇಳಬಾರದಿತ್ತೇನೋ.) ಅದಾದ ಮೇಲೆ 1979ರಲ್ಲಿ ಜ್ವಾಲಾಮುಖಿಯ ಮೇಲೆ ಕಣ್ಣಿಡಲು ವೀಕ್ಷಣಾಲಯ ಮಾಡಿದರು. ಈಗ ನೆಲ ಚೂರು ಉಬ್ಬಿದರೂ ಅವರಿಗೆ ಗೊತ್ತಾಗುತ್ತದೆ.

ನೀರಿನ ನಡುವೆ ಬೆಂಕಿ ಎಲ್ಲಿಂದ ಬಂತು ಅಂತ ಕೇಳಿದ್ದೀಯಲ್ಲ, ನಿನ್ನ ಹೊಲಿಗೆ ಮಷೀನು ನೆನೆಸಿಕೋ. ಸೂಜಿ ಇದ್ದಲ್ಲೇ ಇರುತ್ತದೆ, ಬಟ್ಟೆ ಸರಿಯುತ್ತದೆ, ಹೊಲಿಗೆ ಸಾಲಾಗಿ ಬೀಳುತ್ತದೆ. ಇಲ್ಲಿ ಸೂಜಿ ಕೆಳಗಿನಿಂದ ಚುಚ್ಚುತ್ತದೆ, ಅಷ್ಟೇ. ಭೂಮಿಯ ಆಳದಿಂದ ಬಿಸಿ ಬಂಡೆ ಮೆಲ್ಲಗೆ ಮೇಲೇಳುತ್ತದೆ. ಮೇಲೆ ಬಂದ ಹಾಗೆ ಒತ್ತಡ ತಗ್ಗಿ ಕರಗುತ್ತದೆ. ಅಂಥ ಜಾಗಕ್ಕೆ ಹಾಟ್‌ಸ್ಪಾಟ್ ಅನ್ನುತ್ತಾರೆ. ಅದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಮೇಲಿನ ಭೂಫಲಕ, ಅಂದರೆ ನೆಲ-ಕಡಲನ್ನು ಹೊತ್ತ ದೊಡ್ಡ ಕಲ್ಲಿನ ಹಲಗೆ, ಮಾತ್ರ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತದೆ. ಹುಟ್ಟಿದ ದ್ವೀಪ ದೂರ ಹೋಗಿ ಆರುತ್ತದೆ, ಸವೆಯುತ್ತದೆ, ಕೊನೆಗೆ ಮುಳುಗುತ್ತದೆ. ಅಷ್ಟರಲ್ಲಿ ಹಿಂದೆ ಇನ್ನೊಂದು ಎದ್ದಿರುತ್ತದೆ. 1963ರಲ್ಲಿ ಕೆನಡಾದ ಭೂವಿಜ್ಞಾನಿ ಟುಜೊ ವಿಲ್ಸನ್ ಹವಾಯಿ ದ್ವೀಪಗಳ ಸಾಲು ನೋಡಿ ಇದನ್ನು ಹೇಳಿದರು.

ತಮಾಷೆ ಇರುವುದು ಮುಂದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಇದೇ ಸೂಜಿಯ ಮೇಲೆ ಇದ್ದದ್ದು ನಮ್ಮ ನೆಲ! ಬೀದರ್, ವಿಜಯಪುರದ ಕಡೆಯ ಕಪ್ಪು ಕಲ್ಲಿದೆಯಲ್ಲ, ಅದು ಆಗ ಹರಿದ ಲಾವಾ ಎಂದೇ ಬಹಳ ಭೂವಿಜ್ಞಾನಿಗಳ ಲೆಕ್ಕ. ಭಾರತ ಉತ್ತರಕ್ಕೆ ಸರಿಯುತ್ತ ಹೋಯಿತು, ಹಿಂದೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ದ್ವೀಪಗಳ ಸಾಲು ಬಿತ್ತು. ಅಲ್ಲಿ ಈಗ ಮೇಲೆ ಕಾಣುವುದು ಹವಳ, ಅಡಿಯಲ್ಲಿರುವುದು ಲಾವಾ. ಆಮೇಲೆ ಬಟ್ಟೆಯೇ ಬದಲಾಯಿತು. ಎರಡು ಫಲಕಗಳ ನಡುವಿನ ಅಂಚು ಸೂಜಿಯನ್ನು ದಾಟಿ, ಆಫ್ರಿಕಾ ಕಡೆಯ ಫಲಕ ಬಂತು. ಅದರ ಮೇಲೆ ಸುಮಾರು 80 ಲಕ್ಷ ವರ್ಷದ ಹಿಂದೆ ಮಾರಿಷಸ್, ಕೊನೆಗೆ ಈ ರಿಯೂನಿಯನ್. ಮಗ ಪರದೇಶದಲ್ಲಿದ್ದಾನೆ ಅನ್ನಬೇಡ, ನಮ್ಮ ಹಳೇ ಒಲೆಯ ಪಕ್ಕದಲ್ಲೇ ಇದ್ದಾನೆ ಅಂದುಕೋ.

ನಿಜವಾಗಿಯೂ ಆರಾಮ ಇದ್ದೇನೆ. ಏನೂ ಆಗಲ್ಲ. ಮಾತ್ರೆ ತಪ್ಪಿಸಬೇಡ. ಬಸ್ಸು ಬಂತು. ಭಾನುವಾರ ಫೋನ್ ಮಾಡುತ್ತೇನೆ, ಬಿಪಿ ಎಷ್ಟು ಅಂತ ಸುಮಕ್ಕನೇ ಹೇಳಲಿ, ನಿನ್ನನ್ನು ನಂಬಲ್ಲ.

ನಿನ್ನ
ಪುಟ್ಟ